ಫೋರ್ಟ್ ಪಿಲ್ಲೋ ಫಿರಂಗಿ ದಳಕ್ಕೂ ಒಂದು ದಿನ ಕೊಡಿ

ಟೆನೆಸಿ ರಾಜ್ಯದ ಮಾನ್ಯ ಗವರ್ನರ್ ಅವರಿಗೆ,

ನಮಸ್ಕಾರ. ನಾನು ಮೆಂಫಿಸ್‌ನಲ್ಲಿ ನೆಲೆಸಿರುವ ಕನ್ನಡಿಗ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಟೆನೆಸಿಯಲ್ಲಿರುವ ನಮ್ಮವರೂ ಓದಲಿ ಅಂತ ಕನ್ನಡದಲ್ಲೂ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಪ್ರತಿ ವರ್ಷ ಏಪ್ರಿಲ್ 12ನ್ನು ಫೋರ್ಟ್ ಪಿಲ್ಲೋ ಫಿರಂಗಿ ಸೈನಿಕರ ದಿನ ಎಂದು ಸರ್ಕಾರದ ಕಡೆಯಿಂದ ಘೋಷಿಸಿ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಆ ದಿನ, ಈ ಕೋಟೆಯನ್ನು ಕಾಯುತ್ತಿದ್ದ ಕಪ್ಪು ಫಿರಂಗಿ ಸೈನಿಕರನ್ನು ಕೊಂದುಹಾಕಿದರು. ಪ್ರತಿ ವರ್ಷ ಆ ದಿನ ನೀವೇ ಕೋಟೆಗೆ ಬಂದು ಸತ್ತವರ ಹೆಸರುಗಳನ್ನು ಓದಿ.

ಮೆಂಫಿಸ್‌ನಿಂದ ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಎತ್ತರದ ದಿಬ್ಬದ ಮೇಲೆ ಈ ಕೋಟೆಯಿದೆ. 1861ರಲ್ಲಿ ಕಟ್ಟಿದ್ದು ದಕ್ಷಿಣದವರ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ರಾಜ್ಯಗಳ ಸೇನೆ. ಮರುವರ್ಷ ಅವರು ಬಿಟ್ಟುಹೋದ ಮೇಲೆ ಅದು ಒಕ್ಕೂಟದ, ಅಂದರೆ ಅಮೆರಿಕ ಸರ್ಕಾರದ ಸೇನೆಯ ಕೈಗೆ ಬಂತು. 1864ರ ಏಪ್ರಿಲ್‌ನಲ್ಲಿ ಒಳಗಿದ್ದವರು ಸುಮಾರು 600 ಜನ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಕಪ್ಪು ಸೈನಿಕರು. ಹೆಚ್ಚಿನವರು 6ನೇ ಕಲರ್ಡ್ ಹೆವಿ ಆರ್ಟಿಲರಿಯವರು (ಕಪ್ಪು ಸೈನಿಕರ ಭಾರಿ ಫಿರಂಗಿ ದಳ), ಕೆಲವರು 2ನೇ ಕಲರ್ಡ್ ಲೈಟ್ ಆರ್ಟಿಲರಿಯವರು (ಹಗುರ ಫಿರಂಗಿ ದಳ). ಉಳಿದವರು ಟೆನೆಸಿಯದೇ ಕುದುರೆ ದಳದ ಬಿಳಿಯರು.

ಆ ಫಿರಂಗಿ ದಳದ ಬಹುತೇಕರು ಸ್ವಲ್ಪ ಕಾಲದ ಹಿಂದಿನವರೆಗೂ ಗುಲಾಮರಾಗಿದ್ದವರು. ಸೇನೆಯಲ್ಲೂ ಅವರಿಗೆ ಸಮಾನ ಸಂಬಳ ಇರಲಿಲ್ಲ. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಇವರಿಗೆ 10, ಅದರಲ್ಲೂ ಬಟ್ಟೆಯ ಲೆಕ್ಕಕ್ಕೆ 3 ಡಾಲರ್ ಕಡಿತ. ಆದರೂ ಫಿರಂಗಿ ಬಿಟ್ಟು ಓಡಲಿಲ್ಲ.

ಕೋಟೆಯಲ್ಲಿ 6 ಫಿರಂಗಿಗಳಿದ್ದವು. ಆದರೆ ಮುಂದಿನ ಮಣ್ಣಿನ ಗೋಡೆ ಎಷ್ಟು ದಪ್ಪ ಇತ್ತೆಂದರೆ, ಫಿರಂಗಿಯ ಬಾಯನ್ನು ಸಾಕಷ್ಟು ಕೆಳಕ್ಕೆ ಬಗ್ಗಿಸಲು ಆಗುತ್ತಿರಲಿಲ್ಲ. ಏಪ್ರಿಲ್ 12ರಂದು ದಕ್ಷಿಣದ ಸೇನೆಯ ಜನರಲ್ ನೇಥನ್ ಬೆಡ್‌ಫರ್ಡ್ ಫಾರೆಸ್ಟ್‌ನ ಪಡೆ ಕೆಳಗಿನ ಕಮರಿಗೆ ಬಂದು ಸೇರಿತು. ಅಲ್ಲಿಗೆ ಗುಂಡು ತಲುಪುವಂತಿರಲಿಲ್ಲ. ಕೋಟೆಯ ಹೊಣೆ ಹೊತ್ತಿದ್ದ ಮೇಜರ್ ಲಯೊನೆಲ್ ಬೂತ್ ಬೆಳಿಗ್ಗೆಯೇ ಗುಂಡೇಟಿಗೆ ಬಿದ್ದರು. ಮಧ್ಯಾಹ್ನ ಶತ್ರುಗಳು ಬಿಳಿ ಬಾವುಟ ಹಿಡಿದು ಬಂದು ಶರಣಾಗಿ ಎಂದರು. ಒಳಗಿದ್ದವರು ಒಪ್ಪಲಿಲ್ಲ. ಆಮೇಲೆ ಗೋಡೆ ಹತ್ತಿ ಒಳನುಗ್ಗಲು ಫಾರೆಸ್ಟ್‌ನವರಿಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ.

ಅದಾದ ಮೇಲೆ ನಡೆದದ್ದನ್ನು ಯುದ್ಧ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಮಂಡಿಯೂರಿ, ಕೈ ಎತ್ತಿ ಪ್ರಾಣಭಿಕ್ಷೆ ಬೇಡುತ್ತಿದ್ದ ಕಪ್ಪು ಸೈನಿಕರನ್ನು ಎಬ್ಬಿಸಿ ನಿಲ್ಲಿಸಿ ಗುಂಡಿಕ್ಕಿದರೆಂದು ದಾಳಿ ಮಾಡಿದ ಸೇನೆಯ ಸಾರ್ಜೆಂಟ್ ಒಬ್ಬನೇ ತನ್ನ ಮನೆಗೆ ಪತ್ರ ಬರೆದ. ಅಮೆರಿಕದ ಸಂಸತ್ತಿನ ಸಮಿತಿಯೂ ತನಿಖೆ ನಡೆಸಿತು. ಇದೆಲ್ಲ ಉತ್ಪ್ರೇಕ್ಷೆ ಎನ್ನುವವರು ಇವತ್ತಿಗೂ ಇದ್ದಾರೆ. ಅವರು ಲೆಕ್ಕ ನೋಡಲಿ. ಒಳಗಿದ್ದ ಬಿಳಿಯರಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತರೆ, ಕಪ್ಪು ಸೈನಿಕರಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಸತ್ತರು. ಫಾರೆಸ್ಟ್‌ನ ಕಡೆ ಸತ್ತವರು 14 ಜನ.

ಗವರ್ನರ್ ಅವರೇ, ಮೇಜರ್ ಬೂತ್ ಅವರ ಪತ್ನಿ ಮೇರಿ ಎಲಿಜಬೆತ್ ಮಾಡಿದ್ದನ್ನು ಇಲ್ಲಿ ಹೇಳಲೇಬೇಕು. ಗಂಡನನ್ನು ಕಳೆದುಕೊಂಡ ಮುಂದಿನ ತಿಂಗಳೇ ಆಕೆ ಅಧ್ಯಕ್ಷ ಲಿಂಕನ್ ಅವರನ್ನು ಕಂಡರು. ಸತ್ತ ಕಪ್ಪು ಸೈನಿಕರ ಹೆಂಡಂದಿರ ಪರವಾಗಿ ಮಾತಾಡಿದರು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಹಾಗಾಗಿ ಗಂಡ ದೇಶಕ್ಕಾಗಿ ಸತ್ತರೂ ಆ ಹೆಣ್ಣುಮಕ್ಕಳಿಗೆ ಪಿಂಚಣಿ ಇಲ್ಲ. ಆ ಹೆಂಡತಿ ಮಕ್ಕಳನ್ನು ಕಾನೂನುಬದ್ಧ ಮದುವೆಯಾದವರಂತೆಯೇ ಕಾಣಬೇಕು ಎಂದು ಲಿಂಕನ್ 1864ರ ಮೇ 19ರಂದು ಸೆನೆಟರ್ ಚಾರ್ಲ್ಸ್ ಸಮ್ನರ್ ಅವರಿಗೆ ಬರೆದರು. ಅದೇ ಜುಲೈನಲ್ಲಿ ಕಾನೂನು ಬಂತು. ಸಾವಿರಾರು ಕುಟುಂಬಗಳಿಗೆ ದಾರಿ ತೆರೆದದ್ದು ಈ ಫಿರಂಗಿ ದಳದವರ ಸಾವು.

ಆದರೆ ದಳದ ಹೆಸರೇ ಉಳಿಯಲಿಲ್ಲ. ಮೊದಲು ಅಲಬಾಮಾ ಸೀಜ್ ಆರ್ಟಿಲರಿ, ಆಮೇಲೆ 6ನೆಯದು, ಆಮೇಲೆ 7ನೆಯದು, ಕೊನೆಗೆ 11ನೇ ಕಾಲ್ದಳ ಅಂತ ಬದಲಾಗುತ್ತಾ ಹೋಯಿತು. ಕೋಟೆಯಲ್ಲಿ ಹೂತವರನ್ನು ಮುಂದೆ ಮೆಂಫಿಸ್ ನ್ಯಾಷನಲ್ ಸಿಮೆಟರಿಗೆ ತಂದರು. ಅಲ್ಲಿ ಅವರಲ್ಲಿ ಎಷ್ಟೋ ಜನ ಗುರುತಿಲ್ಲದವರಾಗಿ ಮಲಗಿದ್ದಾರೆ.

ಫಾರೆಸ್ಟ್‌ನ ಹೆಸರು ಮಾತ್ರ ಉಳಿಯಿತು. ಯುದ್ಧಕ್ಕೆ ಮೊದಲು ಇದೇ ಮೆಂಫಿಸ್‌ನಲ್ಲಿ ಗುಲಾಮರನ್ನು ಮಾರಿ ದುಡ್ಡು ಮಾಡಿದವನು ಆತ. ಆತನ ಹುಟ್ಟುಹಬ್ಬವಾದ ಜುಲೈ 13ನ್ನು ಈ ರಾಜ್ಯದ ಗವರ್ನರ್‌ಗಳು ಎಷ್ಟೋ ದಶಕ ಫಾರೆಸ್ಟ್ ದಿನವೆಂದು ಘೋಷಿಸಿದರು. ಹಾಗೆ ಮಾಡಲೇಬೇಕೆಂದು ಕಾನೂನೇ ಇತ್ತು. 2020ರಲ್ಲಿ ಆ ಕಡ್ಡಾಯ ಹೋಯಿತು. 2021ರಲ್ಲಿ ಆತನ ಪ್ರತಿಮೆ ಶಾಸನಸಭೆಯ ಕಟ್ಟಡದಿಂದ ಮ್ಯೂಸಿಯಂಗೆ ಹೋಯಿತು. ಎರಡೂ ಒಳ್ಳೆಯದೇ. ಆದರೆ ಕೊಂದವರ ಗೌರವ ಕಡಿಮೆ ಮಾಡಿದರೆ ಸತ್ತವರಿಗೆ ಗೌರವ ಕೊಟ್ಟಂತೆ ಆಗುವುದಿಲ್ಲ ಅಲ್ವಾ? ಒಬ್ಬ ಜನರಲ್‌ಗೆ ಅಷ್ಟು ವರ್ಷ ಸಹಿ ಹಾಕಿದ ಕಚೇರಿ, ಆ ಫಿರಂಗಿ ದಳಕ್ಕೂ ಸಹಿ ಹಾಕಬೇಕು.

ಕೋಟೆ 1971ರಿಂದ ರಾಜ್ಯದ್ದೇ ಪಾರ್ಕ್. ಹಾಗಾಗಿ ಇನ್ನೊಬ್ಬರ ಅನುಮತಿಗೆ ಕಾಯಬೇಕಿಲ್ಲ. ಸೇನೆಯ ದಾಖಲೆಗಳಲ್ಲಿ ಸಿಗುವ ಅಷ್ಟೂ ಹೆಸರುಗಳನ್ನು ಒಟ್ಟುಮಾಡಲು ರಾಜ್ಯದ ದಾಖಲೆ ಇಲಾಖೆಗೆ ಹೇಳಿ. ಮನೆತನಗಳು ಇನ್ನೂ ಇದ್ದರೆ ಹುಡುಕಿ ಕರೆಸಿ. ಅದೇ ದಿನ ಸತ್ತ ಟೆನೆಸಿಯ ಬಿಳಿ ಸೈನಿಕರ ಹೆಸರನ್ನೂ ಓದಿ. ಫಿರಂಗಿಗಳಿದ್ದ ಜಾಗದಲ್ಲೇ ಓದಿ. ಶಾಲಾ ಮಕ್ಕಳು ಅಲ್ಲಿರಲಿ. ನನ್ನ ಮಕ್ಕಳನ್ನು ನಾನೇ ಕರೆತರುತ್ತೇನೆ.

ಬರುವ ಏಪ್ರಿಲ್ 12ಕ್ಕೆ ಮೊದಲು ನಿಮ್ಮ ಉತ್ತರ ಬೇಕು.

ಇಂತಿ,
ಮೆಂಫಿಸ್‌ನ ಒಬ್ಬ ನಿವಾಸಿ