ಟೀಚರಮ್ಮನ ಮಾತ್ರೆ ಡಬ್ಬಿಗಳು

ಕೊಲಂಬಸ್, ಒಹಾಯೊ
ಭಾನುವಾರ ರಾತ್ರಿ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಹೂಮಳೆ ಚೆನ್ನಾಗಿ ಬಂತು, ಕಾಫಿ ಹೂವಾಗಿ ತೋಟವೆಲ್ಲ ಬೆಳ್ಳಗಾಗಿದೆ ಅಂತ ಅಮ್ಮ ಹೇಳಿದಳು. ಕೇಳಿ ಖುಷಿ ಆಯ್ತು. ನೀವು ಫೋನಿನಲ್ಲಿ ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಹೋದ ವಾರ "ರಿಟೈರ್ ಆದ ಮೇಷ್ಟ್ರು ಯಾರಿಗೆ ಬೇಕಮ್ಮ" ಅಂದಿರಲ್ಲ, ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ನಿಮಗೆ ನಮ್ಮ ಟೀಚರಮ್ಮನ ವಿಷಯ ಹೇಳಬೇಕು. ನಮ್ಮ ಪಕ್ಕದ ಕಟ್ಟಡದಲ್ಲಿ ಇದ್ದಾರೆ. ವಯಸ್ಸು ಎಂಬತ್ತೆರಡು. ಒಂದು ದಿನ ಕೆಳಗಿನ ಲಾಂಡ್ರಿ ರೂಮಿನಲ್ಲಿ ನಾನು ಮಗನಿಗೆ ಕನ್ನಡದಲ್ಲಿ ಗದರಿಸುತ್ತಿದ್ದೆ. ಹಿಂದಿನಿಂದ "ಮಗೂಗೆ ಬೈಬೇಡಿ" ಅಂತ ದನಿ ಬಂತು. ತಿರುಗಿ ನೋಡಿದರೆ ಬಿಳಿ ಕೂದಲಿನ ಅಮೆರಿಕದ ಅಜ್ಜಿ! ಬಟ್ಟೆ ಬುಟ್ಟಿ ಅಲ್ಲೇ ಇಟ್ಟು ಅರ್ಧ ಗಂಟೆ ಮಾತಾಡಿದೆ.

ಅಧ್ಯಕ್ಷ ಕೆನಡಿ 1961ರಲ್ಲಿ ಪೀಸ್ ಕೋರ್ ಅಂತ ಶುರು ಮಾಡಿದ್ದರು. ಇಲ್ಲಿನ ಹುಡುಗ ಹುಡುಗಿಯರು ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಭಾಷೆ ಕಲಿತು, ಎರಡು ವರ್ಷ ಜನರ ಜೊತೆ ಇದ್ದು ಕೆಲಸ ಮಾಡಬೇಕು. 1976ರವರೆಗೆ ಇಂಡಿಯಾಕ್ಕೂ ಬರುತ್ತಿದ್ದರು. ಟೀಚರಮ್ಮ 1966ರಲ್ಲಿ ನಮ್ಮ ಅರಸೀಕೆರೆ ಕಡೆಗೇ ಬಂದಿದ್ದರಂತೆ. ಆಗಿನ್ನೂ ಮೈಸೂರು ರಾಜ್ಯ. ಬಂದಿದ್ದು ಕೋಳಿ ಸಾಕಣೆ ಹೇಳಿಕೊಡೋದಕ್ಕೆ. ಅಲ್ಲಿ ಒಬ್ಬ ಹೆಂಗಸು ಮೊಟ್ಟೆ ಲೆಕ್ಕವನ್ನು ಅಡಿಗೆಮನೆ ಗೋಡೆ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಇಟ್ಟಿದ್ದಳಂತೆ. ಹಬ್ಬಕ್ಕೆ ಯಾರೋ ಗೋಡೆಗೆ ಸುಣ್ಣ ಬಳಿದರು. ಮೂರು ತಿಂಗಳ ಲೆಕ್ಕ ಹೋಯಿತು. ಆ ಹೆಂಗಸು ಬಿಳಿ ಗೋಡೆ ಮುಂದೆ ಸುಮ್ನೆ ನಿಂತಿದ್ದು ಟೀಚರಮ್ಮನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೋಳಿ ಕೆಲಸ ಮುಗಿದ ಮೇಲೆ ಸಂಜೆ ಹೊತ್ತು ಅಂಕಿ ಅಕ್ಷರ ಹೇಳಿಕೊಡೋಕೆ ಶುರು ಮಾಡಿದರು. ಆಮೇಲೆ ಒಹಾಯೊದ ಶಾಲೆಗಳಲ್ಲಿ ಕಲಿಸಿದರು. ನಡುವೆ ಎರಡು ಸಲ ನೇಪಾಳಕ್ಕೆ ಹೋಗಿ ಮೇಷ್ಟ್ರುಗಳಿಗೆ ತರಬೇತಿ ಕೊಟ್ಟು ಬಂದರು.

ಆ ನೇಪಾಳಿ ಭಾಷೆ ಈಗ ಕೆಲಸಕ್ಕೆ ಬಂದಿದೆ. 1990ರ ಸುಮಾರಿಗೆ ಭೂತಾನ್ ಬಿಡಬೇಕಾಗಿ ಬಂದ ನೇಪಾಳಿ ಮಾತಿನ ಜನ ವರ್ಷಗಟ್ಟಲೆ ನೇಪಾಳದ ಶಿಬಿರಗಳಲ್ಲಿ ಇದ್ದರು. 2008ರಿಂದ ಅಮೆರಿಕಕ್ಕೆ ಬರತೊಡಗಿದರು. ಕೊಲಂಬಸ್‌ನಲ್ಲಿ ಅವರು ತುಂಬಾ ಜನ ಇದ್ದಾರೆ, ನಮ್ಮ ಕಟ್ಟಡಗಳಲ್ಲೂ. ಮೊದಲು ಟೀಚರಮ್ಮ ಪೇಟೆಯ ದೊಡ್ಡ ಲೈಬ್ರರಿಯಲ್ಲಿ ಪಾಠ ಇಟ್ಟುಕೊಂಡಿದ್ದರು. 1907ರ ಕಟ್ಟಡ ಅದು. ಬಾಗಿಲ ಮೇಲೆ "ಎಲ್ಲರಿಗೂ ತೆರೆದಿದೆ" ಅಂತ ಕೆತ್ತಿದ್ದಾರೆ. 2017ರಿಂದ ಪುಸ್ತಕ ತಡವಾದರೆ ದಂಡವೂ ಇಲ್ಲ. ಆದರೂ ಹೆಂಗಸರು ಬರಲಿಲ್ಲ. ಎರಡು ಬಸ್ಸು ಬದಲಾಯಿಸಬೇಕು, ಬಗಲಲ್ಲಿ ಮಗು ಬೇರೆ. ಬಟ್ಟೆ ಒಗೆಯೋಕೆ ಹೇಗೂ ಬರುತ್ತಾರಲ್ಲ ಅಂತ ಟೀಚರಮ್ಮ ಮಡಚೋ ಕುರ್ಚಿ ಹಿಡಿದುಕೊಂಡು ಲಾಂಡ್ರಿ ರೂಮಿಗೇ ಬಂದರು.

ಪಠ್ಯಪುಸ್ತಕ ಇಲ್ಲ ಅಪ್ಪ. ಒಂದು ಶೂ ಡಬ್ಬಿ. ಅದರೊಳಗೆ ಖಾಲಿ ಮಾತ್ರೆ ಡಬ್ಬಿಗಳು, ಬಸ್ಸಿನ ವೇಳಾಪಟ್ಟಿ, ಮಕ್ಕಳ ಶಾಲೆಯಿಂದ ಬಂದ ಚೀಟಿಗಳು. ಇಲ್ಲಿ ಔಷಧಿ ಅಂಗಡಿಯವರು ಮಾತ್ರೆಯನ್ನೆಲ್ಲ ಒಂದೇ ತರಹದ ಕಿತ್ತಳೆ ಡಬ್ಬಿಗೆ ಹಾಕಿ ಕೊಡುತ್ತಾರೆ. ಓದೋಕೆ ಬರದಿದ್ದರೆ ಯಾವುದು ಯಾವುದು ಅಂತ ಗುರುತೇ ಸಿಗೋದಿಲ್ಲ. ಮೊನ್ನೆ ಒಬ್ಬ ಅಜ್ಜಿ ಮಾತ್ರೆ ಡಬ್ಬಿಗೆ ಅಂಟಿಸಿದ ಚೀಟಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಮಷಿನ್ ಸದ್ದಿನಲ್ಲಿ ದನಿ ಕೇಳಿಸುತ್ತಿರಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. "ಟ್ವೈಸ್" ಅಂದಳು. ಎರಡು ಬೆರಳು ಎತ್ತಿದಳು. ಆಮೇಲೆ ಕಿಟಕಿ ಕಡೆ ತೋರಿಸಿದಳು, ಮೇಲಿನ ಬಲ್ಬ್ ಕಡೆ ತೋರಿಸಿದಳು. ಬೆಳಗ್ಗೆ ಒಂದು, ರಾತ್ರಿ ಒಂದು. ಟೀಚರಮ್ಮ ಚಪ್ಪಾಳೆ ಹೊಡೆದರು. ನನಗೆ ಆಗ ನೀವೇ ನೆನಪಾದಿರಿ.

ಡಿಸೆಂಬರಿನಲ್ಲಿ ನಾನು ಬಂದಾಗ ಎಸ್ಟೇಟ್ ಸಾಹುಕಾರ್ರ ಕಣದಲ್ಲಿ ಆ ಹುಡುಗಿ ಇದ್ದಳಲ್ಲ, ಅಸ್ಸಾಮಿನವಳು? ಅಪ್ಪ ಅಮ್ಮ ಹಣ್ಣು ಕುಯ್ಯೋಕೆ ಹೋಗಿದ್ದರು. ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ನೀವು ಒಣಗೋಕೆ ಹಾಕಿದ್ದ ಕಾಫಿ ಹಣ್ಣನ್ನು ಜೋಡಿಸಿ "ರ" ಮಾಡಿದಿರಿ. ಅವಳು ಪಕ್ಕದಲ್ಲೇ ಇನ್ನೊಂದು "ರ" ಮಾಡಿದಳು. ನಿಮ್ಮದಕ್ಕಿಂತ ದುಂಡಗೆ ಬಂದಿತ್ತು. ಅಷ್ಟರಲ್ಲಿ ಮಬ್ಬಾಯಿತು, ಆನೆ ಬಂದಾವು ಅಂತ ಎಲ್ಲರೂ ಎದ್ದೆವು.

ಅಸ್ಸಾಂ, ಜಾರ್ಖಂಡ್‌ನಿಂದ ಬಂದವರು ನಮ್ಮ ಸಕಲೇಶಪುರದ ತೋಟದ ಆಳುಗಳ ಲೈನ್ ಮನೆಗಳಲ್ಲಿ ಈಗ ಜಾಸ್ತಿ ಅಲ್ವಾ? ಚೆಕ್ ರೋಲ್ ಅನ್ನೋ ಹಾಜರಿ ಪುಸ್ತಕದಲ್ಲಿ ತಮ್ಮ ಹಾಜರಿ ಎಷ್ಟು ಬಿದ್ದಿದೆ ಅಂತ ಓದೋಕೆ ಬರೋದಿಲ್ಲ. ಬಸ್ಸಿನ ಬೋರ್ಡು ಕನ್ನಡದಲ್ಲಿ. ಅವರಿಗೆ ಬೇಕು ಅಪ್ಪ, ರಿಟೈರ್ ಆದ ಮೇಷ್ಟ್ರು.

ಸಂಜೆ ಖಂಡಿತ ಹೊರಡಬೇಡಿ. ಭಾನುವಾರ ಬೆಳಗ್ಗೆ ಬಿಸಿಲೇರಿದ ಮೇಲೆ ಲೈನಿನ ಹತ್ತಿರಕ್ಕೇ ಹೋಗಿ. ಅವರು ನಮ್ಮ ಮನೆಗೆ ಬರಲಿ ಅಂತ ಕಾಯಬೇಡಿ. ಮೊದಲು ಸಾಹುಕಾರ್ರಿಗೂ ತೋಟದ ಲೆಕ್ಕ ಬರೆಯೋ ರೈಟರಿಗೂ ಒಂದು ಮಾತು ಹೇಳಿ. ನೀವು ಶಾಲೆಯಲ್ಲಿ ಮಕ್ಕಳಿಗೆ ಆಡಿಸುತ್ತಾ ಕಲಿಸುತ್ತಿದ್ದ ಹಳೇ ನಲಿ-ಕಲಿ ಕಾರ್ಡುಗಳು ಅಟ್ಟದ ಮೇಲೆ ಇವೆ, ಗೋಧಿ ಚೀಲದಲ್ಲಿ ಕಟ್ಟಿಟ್ಟಿದ್ದು ನಾನೇ. ಆ ಪದ್ಧತಿ ಇಂಥ ಮಕ್ಕಳಿಗೇ ಸರಿ. ಒಂದೊಂದು ಮಗು ತನ್ನ ಮೆಟ್ಟಿಲು ತಾನು ಹತ್ತುತ್ತದೆ. ನಡುವೆ ಊರಿಗೆ ಹೋಗಿ ಬಂದರೂ ಬಿಟ್ಟ ಕಡೆಯಿಂದಲೇ ಶುರು ಮಾಡಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಅದು ಶುರುವಾಗಿದ್ದನ್ನು ನೀವೇ ನನಗೆ ಎಷ್ಟು ಸಲ ಹೇಳಿದ್ದೀರಿ! ಸ್ಲೇಟು, ಬಳಪದ ಖರ್ಚು ನನ್ನದು. ಬೇಡ ಅನ್ನಬೇಡಿ.

ಅಮ್ಮನಿಗೆ ಹೇಳಿ, ಮಂಡಿಗೆ ಎಣ್ಣೆ ಹಚ್ಚೋದು ಬಿಡಬಾರದು ಅಂತ. ಟೀಚರಮ್ಮನಿಗೆ ನಿಮ್ಮ ವಿಷಯ ಹೇಳಿದ್ದೇನೆ. ಆ ಹುಡುಗಿ ಈಗ ಎಷ್ಟು ಅಕ್ಷರ ಕಲಿತಿದ್ದಾಳೆ ಅಂತ ಕೇಳುತ್ತಿದ್ದಾರೆ. "ರ" ಒಂದು ಬರುತ್ತೆ, ನಲಿ-ಕಲಿಯಲ್ಲಿ ಅದರ ಜೊತೆ ಬರೋ "ಗ ಸ ದ ಅ" ಇನ್ನೂ ಬಾಕಿ ಇದೆ ಅಂದಿದ್ದೇನೆ. ಅವಳು ಇನ್ನೂ ಲೈನಿನಲ್ಲೇ ಇದ್ದಾಳಾ, ನೋಡಿ ಬರೆಯಿರಿ.

ಇತಿ ನಿಮ್ಮ ಪ್ರೀತಿಯ
ಮಗಳು