ಅಡ್ವಾನ್ಸ್ ನಿನ್ನದು, ಅಗ್ರಿಮೆಂಟ್ ಅವಳದು

ಬನಶಂಕರಿ, ಬೆಂಗಳೂರು

ಚಿ. ರಾಘುಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಭಾವನ ಮಂಡಿನೋವು ಹಾಗೇ ಇದೆ, ಆದರೂ ಸಂಜೆಯ ವಾಕಿಂಗ್ ಬಿಟ್ಟಿಲ್ಲ. ನಿನ್ನ ಮಗಳು ಕಾವ್ಯಾಗೆ ಇಲ್ಲಿ ಕೆಲಸ ಸಿಕ್ಕಿದ್ದು ಕೇಳಿ ಇಬ್ಬರಿಗೂ ತುಂಬಾ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ ನಿನ್ನ ಯೋಜನೆ ಕೇಳಿ ಗಾಬರಿಯೂ ಆಯಿತು. ನೀನೇ ಬಂದು ಮನೆ ಹುಡುಕುತ್ತೀಯಂತೆ, ನೀನೇ ಗೊತ್ತು ಮಾಡುತ್ತೀಯಂತೆ, ಆಮೇಲೆ ಆರು ತಿಂಗಳು ಅವಳಮ್ಮ ಸುಮಾ ಬಂದು ಜೊತೆಗಿರುತ್ತಾಳಂತೆ. ಕೆಲಸ ಸಿಕ್ಕಿದ್ದು ನಿಮ್ಮಿಬ್ಬರಿಗೋ ಅವಳಿಗೋ ಮಾರಾಯ? ಬಾಯಲ್ಲಿ ಹೇಳಿದರೆ ನಡುವೆ ನೀನೇ ಮಾತಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಂಬಳದ ವಿಷಯ. ವರ್ಷಕ್ಕೆ 4.80 ಲಕ್ಷ, ಹಾಗಾಗಿ ತಿಂಗಳಿಗೆ 40 ಸಾವಿರ ಅಂತ ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದೀಯಲ್ಲ, ಅಷ್ಟು ಅವಳ ಕೈಗೆ ಬರುವುದಿಲ್ಲ. ಅವಳು ಆಫರ್ ಲೆಟರ್ ಫೋಟೋ ಕಳಿಸಿದ್ದಳು, ಇಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು. ಅದರಲ್ಲಿ 48 ಸಾವಿರ ವೇರಿಯಬಲ್ ಪೇ. ಅದು ವರ್ಷದ ಕೊನೆಗೆ, ಅದೂ ಕಂಪನಿಗೆ ಮನಸ್ಸು ಬಂದಷ್ಟು. ಕಂಪನಿ ತನ್ನ ಪಾಲಿಗೆ ಕಟ್ಟುವ ಪಿ.ಎಫ್. ತಿಂಗಳಿಗೆ 1,800, ಅದನ್ನೂ ಸಿ.ಟಿ.ಸಿ. ಅಂತ ಕಂಪನಿ ತೋರಿಸುವ ಆ ಒಟ್ಟು ಲೆಕ್ಕದೊಳಗೇ ಸೇರಿಸಿದ್ದಾರೆ. ಗ್ರಾಚ್ಯುಟಿ ಅಂತ ವರ್ಷಕ್ಕೆ ಹನ್ನೊಂದು ಸಾವಿರ ಚಿಲ್ಲರೆ ಬರೆದಿದ್ದಾರೆ. ಸಾಮಾನ್ಯವಾಗಿ ಐದು ವರ್ಷ ದುಡಿದವರಿಗೆ ಸಿಗುವ ಹಣ ಅದು. ಇದೆಲ್ಲ ಕಳೆದು, ಅವಳ ಪಾಲಿನ ಪಿ.ಎಫ್. ಇನ್ನೊಂದು 1,800, ವೃತ್ತಿ ತೆರಿಗೆ 200 ತೆಗೆದರೆ ಕೈಗೆ ಬರುವುದು 31 ಸಾವಿರದ ಆಸುಪಾಸು. ಕಡಿಮೆ ಅಂತ ನಾನು ಹೇಳುತ್ತಿಲ್ಲ. ಆದರೆ 40 ಸಾವಿರ ಅಂದುಕೊಂಡು ಮನೆ ನೋಡುವುದು ಬೇರೆ, 31 ಸಾವಿರ ಅಂತ ಗೊತ್ತಿದ್ದು ನೋಡುವುದು ಬೇರೆ, ಅಲ್ವಾ? ಇನ್ನು ಮೇಲೆ ಯಾರಾದರೂ ಕೇಳಿದರೆ "ಅವಳಿಗೆ ಸಾಕಾಗುವಷ್ಟು ಇದೆ" ಅಂದುಬಿಡು. ಪಕ್ಕದ ಮನೆ ಹುಡುಗನ ಪ್ಯಾಕೇಜಿನ ಸುದ್ದಿ ಅವಳ ಮುಂದೆ ಎತ್ತಲೇಬೇಡ.

ಮೊದಲ ಸಂಬಳ ಯಾವಾಗ ಬರುತ್ತದೆ ಅನ್ನುವುದನ್ನೂ ಕೇಳಿಕೊಳ್ಳಲಿ. ತಿಂಗಳ ಮಧ್ಯೆ ಸೇರಿದವರಿಗೆ ಎಷ್ಟೋ ಕಡೆ ಆ ಹದಿನೈದು ದಿನದ್ದನ್ನೂ ಮುಂದಿನ ತಿಂಗಳಿಗೇ ಸೇರಿಸಿ ಕೊಡುತ್ತಾರೆ. ಅಂದರೆ ಒಂದೂವರೆ ತಿಂಗಳು ಅವಳು ಬರಿಗೈ. ನೀನು ನಿಜವಾಗಿ ಬೇಕಾಗುವುದು ಇಲ್ಲೇ.

ನಮ್ಮ ಮನೆಯಲ್ಲೇ ಇರಲಿ ಅಂದೆ. ನನಗೇನು ಬೇಡವಾ? ರೂಮು ಖಾಲಿ ಇದೆ, ಅವಳಿದ್ದರೆ ನನಗೂ ಮಾತಿಗೆ ಜನ. ಆದರೆ ಆಫೀಸು ಇರುವುದು ವೈಟ್‌ಫೀಲ್ಡ್ ಕಡೆಯ ಐ.ಟಿ. ಪಾರ್ಕು ಐ.ಟಿ.ಪಿ.ಎಲ್. ಹತ್ತಿರ. ಇಲ್ಲಿಂದ ಹಸಿರು ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿ ಇಳಿದು ಆ ನೂಕುನುಗ್ಗಲಲ್ಲಿ ನೇರಳೆ ಮೆಟ್ರೋ ಹತ್ತಿ ಪಟ್ಟಂದೂರು ಅಗ್ರಹಾರದ ತನಕ. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಅಷ್ಟೇ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ಶುರುವಾದ ಮೇಲೆ ಈ ಪ್ರಯಾಣ ಸಾಧ್ಯವಾಯಿತು, ಅದು ನಿಜ. ಆದರೆ ಸಾಧ್ಯ ಅಂತ ದಿನಾ ಮಾಡಬೇಕಾ? ಶನಿವಾರ ಬರಲಿ, ಭಾನುವಾರ ಮಧ್ಯಾಹ್ನ ಊಟ ಮಾಡಿಕೊಂಡು ಹೋಗಲಿ. ಡಬ್ಬಿಯಲ್ಲಿ ಚಟ್ನಿಪುಡಿ ಹಾಕಿ ಕಳಿಸುತ್ತೇನೆ.

ಬಂದ ಕೂಡಲೇ ಬಾಡಿಗೆ ಮನೆ ಬೇಡ. ಎರಡು ಮೂರು ತಿಂಗಳು ಆಫೀಸಿನ ಹತ್ತಿರದ ಪಿ.ಜಿ.ಯಲ್ಲಿ ಇರಲಿ. ಪಿ.ಜಿ. ಊಟ ನಿನಗೆ ಹಿಡಿಸುವುದಿಲ್ಲ, ಗೊತ್ತು. ಊಟ ಮಾಡುವವಳು ನೀನಲ್ಲವಲ್ಲ. ಆ ಎರಡು ತಿಂಗಳಲ್ಲಿ ಯಾವ ಏರಿಯಾ ಹೇಗೆ, ರಾತ್ರಿ ಎಂಟಕ್ಕೆ ಯಾವ ರಸ್ತೆಯಲ್ಲಿ ದೀಪ ಇರುತ್ತದೆ, ಯಾರ ಜೊತೆ ಮನೆ ಮಾಡಿದರೆ ಹೊಂದಿಕೆಯಾಗುತ್ತದೆ, ಎಲ್ಲ ಅವಳಿಗೇ ತಿಳಿಯುತ್ತದೆ. ಕೆಲಸ ಕಾಯಂ ಆಗುತ್ತದಾ, ಬೇರೆ ಆಫೀಸಿಗೆ ಹಾಕುತ್ತಾರಾ ಅನ್ನುವುದೂ ಅಷ್ಟರಲ್ಲಿ ಗೊತ್ತಾಗುತ್ತದೆ. ಪಿ.ಜಿ.ಗೆ ಕೊಟ್ಟ ಡಿಪಾಸಿಟ್ಟಿಗೆ ರಸೀದಿ ಇಸಿದುಕೊಳ್ಳಲಿ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು ಅಂತ ಕೇಳಿಕೊಳ್ಳಲಿ. ಅಷ್ಟು ಸಾಕು.

ಈಗ ಭೋಗ್ಯದ ಮಾತಿಗೆ ಬರುತ್ತೇನೆ. ಅಡಿಕೆ ಮಾರಿದ ದುಡ್ಡು ಇದೆ, ಹನ್ನೆರಡು ಲಕ್ಷ ಭೋಗ್ಯಕ್ಕೆ ಕೊಟ್ಟರೆ ಬಾಡಿಗೆಯೇ ಇಲ್ಲ, ಕೊನೆಗೆ ಹಣವೂ ವಾಪಸ್ ಅಂತ ಯಾರೋ ನಿನ್ನ ತಲೆಗೆ ತುಂಬಿದ್ದಾರೆ. ಬೇಡ ರಾಘು. ಭೋಗ್ಯ ಅಂದರೆ ಎರಡು ಮೂರು ವರ್ಷದ ಕರಾರು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಬೇಕು. ಬಾಡಿಗೆ ಕರಾರನ್ನೆಲ್ಲ 11 ತಿಂಗಳಿಗೇ ಬರೆಯುವುದು ಅದನ್ನು ತಪ್ಪಿಸಿಕೊಳ್ಳಲಿಕ್ಕೆ. ಭೋಗ್ಯಕ್ಕೆ ಕೊಡುವವರಲ್ಲಿ ಬಹಳ ಜನ ನೋಂದಣಿ ಅಂದ ಕೂಡಲೇ ಮಾತು ಬದಲಿಸುತ್ತಾರೆ. ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು ಅವನು ಕಂತು ಕಟ್ಟದಿದ್ದರೆ ಬ್ಯಾಂಕಿನವರು ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ಆಗ ನಿನ್ನ ಹನ್ನೆರಡು ಲಕ್ಷಕ್ಕೆ ನೀನು ಕೋರ್ಟು ಸುತ್ತಬೇಕು. ಅದಕ್ಕಿಂತ ಮುಖ್ಯವಾಗಿ, ಹನ್ನೆರಡು ಲಕ್ಷ ಸಿಕ್ಕಿಕೊಂಡಿರುವ ಮನೆಯನ್ನು ಇಪ್ಪತ್ತೆರಡು ವರ್ಷದ ಹುಡುಗಿ ಬಿಟ್ಟು ಹೋಗುವ ಹಾಗಿಲ್ಲ. ಒಳ್ಳೆಯ ಕೆಲಸ ಪುಣೆಯಲ್ಲಿ ಸಿಕ್ಕರೆ? ಜೊತೆಯ ಹುಡುಗಿಗೆ ಮದುವೆಯಾಗಿ ಹೋದರೆ? ಮೊದಲ ಕೆಲಸದಲ್ಲಿ ಇರುವವರಿಗೆ ಕಟ್ಟು ಕಡಿಮೆ ಇರಬೇಕು.

ಅವಳು ಮತ್ತು ಅವಳ ಕಾಲೇಜಿನ ಗೆಳತಿ ಆಗಲೇ ಕೆ.ಆರ್.ಪುರದ ಕಡೆ ಒಂದು ಮನೆ ನೋಡಿ ಬಂದಿದ್ದಾರೆ. ನಿನಗೆ ಹೇಳಿಲ್ಲ ಅಂತ ಕಾಣುತ್ತದೆ. ಬೈಯಬೇಡ, ಸುಮ್ನೆ ಬಾಡಿಗೆ ತಿಳಿದುಕೊಳ್ಳಲಿಕ್ಕೆ ಹೋಗಿದ್ದು. ಎರಡು ಬೆಡ್‌ರೂಮು, ಬಾಡಿಗೆ 24 ಸಾವಿರ. ಹತ್ತು ತಿಂಗಳ ಅಡ್ವಾನ್ಸ್ ಕೇಳಿದರಂತೆ. ಬೆಂಗಳೂರಿನ ಹಳೆಯ ರೂಢಿ ಅದು. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡಿಪಾಸಿಟ್ ಬೇಡ ಅಂತ ಇದೆ. ಅದು ಮಾದರಿ ಅಷ್ಟೇ, ಇಲ್ಲಿನ ಓನರ್ ಮುಂದೆ ಓದಿ ಹೇಳಿದರೆ ನಗುತ್ತಾರೆ. ಇಲ್ಲಿ ನಡೆಯುವುದು ಚೌಕಾಸಿ. ಈಗ ಐದಾರು ತಿಂಗಳಿಗೂ ಒಪ್ಪುತ್ತಾರೆ, ಗಟ್ಟಿಯಾಗಿ ಕೇಳಬೇಕು. ಐದು ತಿಂಗಳು ಅಂದರೆ 1.20 ಲಕ್ಷ, ಕಾವ್ಯಾ ಪಾಲು 60 ಸಾವಿರ. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅವಳ ಪಾಲು 12. ಮೊದಲ ತಿಂಗಳ ಬಾಡಿಗೆ ಇನ್ನೊಂದು 12. ಹಾಸಿಗೆ, ಸ್ಟೌ, ಬಕೆಟ್ಟು, ಪರದೆ ಅಂತ ಹದಿನೈದು ಇಪ್ಪತ್ತು ಸಾವಿರ. ಒಟ್ಟು ಹೆಚ್ಚುಕಡಿಮೆ ಒಂದು ಲಕ್ಷ. ಆ ಹೊತ್ತಿಗೆ ಒಂದೆರಡು ಸಂಬಳವಷ್ಟೇ ಕಂಡಿರುವ ಹುಡುಗಿ ಇಷ್ಟನ್ನು ಎಲ್ಲಿಂದ ತರುತ್ತಾಳೆ? ಇದನ್ನು ನೀನು ಕೊಡು.

ಆದರೆ ಕೊಡುವ ರೀತಿ ಇದೆಯಲ್ಲ, ಅದಕ್ಕೇ ಇಷ್ಟುದ್ದ ಪತ್ರ. ಹಣ ಓನರ್‌ಗೆ ನೇರವಾಗಿ ಹಾಕಬೇಡ, ಅವಳ ಖಾತೆಗೆ ಹಾಕು. ಅಗ್ರಿಮೆಂಟ್ ಅವಳ ಮತ್ತು ಆ ಗೆಳತಿಯ ಹೆಸರಲ್ಲಿ ಆಗಲಿ, ನಿನ್ನ ಹೆಸರಲ್ಲಿ ಅಲ್ಲ. ಅದು ಸಾಲವೋ ಉಡುಗೊರೆಯೋ ಅನ್ನುವುದನ್ನು ಕೊಡುವ ದಿನವೇ ಹೇಳಿಬಿಡು. ಸಾಲವಾದರೆ ತಿಂಗಳಿಗೆ ಎಷ್ಟು ವಾಪಸ್ ಅಂತ ಮಾತಾಡಿಕೊಳ್ಳಿ, ಮೂರು ಸಾವಿರವಾದರೂ ಸರಿ. ಉಡುಗೊರೆಯಾದರೆ ಕೊಟ್ಟು ಮರೆತುಬಿಡು. ಎರಡೂ ಅಲ್ಲದ ಹಾಗೆ ಕೊಟ್ಟು, ಮುಂದೆ ಅವಳು ಕೂದಲು ಕತ್ತರಿಸಿಕೊಂಡರೆ, ದೀಪಾವಳಿಗೆ ಒಂದು ದಿನ ತಡವಾಗಿ ಬಂದರೆ "ಲಕ್ಷ ರೂಪಾಯಿ ಕೊಟ್ಟಿದ್ದೀನಿ" ಅನ್ನುತ್ತೀಯಲ್ಲ, ಅದು ಬೇಡ. ಅಪ್ಪ ನಮಗೆ ಕೊಟ್ಟದ್ದನ್ನೆಲ್ಲ ಎಷ್ಟು ಸಲ ಎಣಿಸಿ ಹೇಳುತ್ತಿದ್ದರು, ನಿನಗೆ ನೆನಪಿರಬೇಕು.

ಮನೆ ನೋಡುವಾಗ ಏನೇನು ಗಮನಿಸಬೇಕು ಅಂತ ಅವಳಿಗೆ ಹೇಳಿದ್ದೇನೆ, ನಿನಗೂ ಬರೆಯುತ್ತೇನೆ. ಇಲ್ಲದಿದ್ದರೆ ನೀನು ವಾಸ್ತು ಮಾತ್ರ ಕೇಳುತ್ತೀಯ. ಮೊದಲು ನೀರು. 2024ರ ಬೇಸಿಗೆಯಲ್ಲಿ ಈ ಊರು ನೀರಿಗೆ ಪಟ್ಟ ಪಾಡು ನೋಡಿದವಳು ನಾನು. ಆ ಪೂರ್ವದ ಕಡೆಯ ಬಡಾವಣೆಗಳಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕೇಳಿದಷ್ಟು ಕೊಟ್ಟರು. ಕಾವೇರಿ ನೀರು ಬರುತ್ತದಾ, ಬರೀ ಬೋರ್ ನೀರಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು, ಕೇಳಬೇಕು. ಓನರ್‌ಗೆ ಕೇಳಿದರೆ "ನೀರಿಗೆ ತೊಂದರೆಯೇ ಇಲ್ಲ" ಅನ್ನುತ್ತಾರೆ. ಕೆಳಗಿನ ಮನೆಯವರನ್ನು ಕೇಳಲಿ. ಬಚ್ಚಲಿನ ನಲ್ಲಿ ನೋಡಿದರೂ ಸಾಕು, ಸುತ್ತ ಬಿಳಿ ಕರೆ ಗಟ್ಟಿಯಾಗಿ ಕಟ್ಟಿದ್ದರೆ ಗಡಸು ಬೋರ್ ನೀರು ಅಂತ ಲೆಕ್ಕ. ಅಡುಗೆಮನೆ ನಲ್ಲಿ, ಬಚ್ಚಲ ನಲ್ಲಿ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಲಿ. ಕೊನೆಯ ಮಹಡಿಯಾದರೆ ಒಂದರಲ್ಲಿ ದಾರದಷ್ಟು ಬರುತ್ತದೆ.

ಕರೆಂಟಿಗೆ ಬೇರೆ ಮೀಟರ್ ಇದೆಯಾ ನೋಡಲಿ. ಇದ್ದರೆ ಕರೆಂಟ್ ಬಿಲ್ಲಿನಲ್ಲಿರುವ ಆರ್.ಆರ್. ನಂಬರಿಗೆ ತನ್ನ ಆಧಾರ್ ಜೋಡಿಸಿ ಉಚಿತ ಕರೆಂಟಿನ ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು. ಸಬ್ ಮೀಟರ್ ಆದರೆ ಓನರ್ ಹೇಳಿದ್ದೇ ರೇಟು. ಬೆಸ್ಕಾಂ ಬಿಲ್ಲಿನಲ್ಲಿರುವ ಹೆಸರು, ಕಂದಾಯ ಕಟ್ಟಿದ ರಸೀದಿಯ ಹೆಸರು, ಅಗ್ರಿಮೆಂಟಿಗೆ ಸಹಿ ಹಾಕುವವರ ಹೆಸರು, ಮೂರೂ ಹೊಂದಬೇಕು. ಹೊಂದದಿದ್ದರೆ ಯಾಕೆ ಅಂತ ಕೇಳಬೇಕು. ಅಡ್ವಾನ್ಸ್ ಬ್ಯಾಂಕ್ ಮೂಲಕವೇ ಹೋಗಲಿ, ನೋಟು ಎಣಿಸಿ ಕೊಡುವುದು ಬೇಡ. ಖಾಲಿ ಮಾಡಿದ ಎಷ್ಟು ದಿನದೊಳಗೆ ವಾಪಸ್, ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ ಅನ್ನುವುದು ಬರಹದಲ್ಲಿ ಇರಲಿ. ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಬರೆಯದೆ ಬಿಟ್ಟರೆ ಗೋಡೆಯ ಮೊಳೆಗೂ ಒಂದು ರೇಟು ಬರುತ್ತದೆ. ಸಾಮಾನು ಇಡುವ ಮುಂಚೆ ಖಾಲಿ ಮನೆಯ ವಿಡಿಯೋ ಮಾಡಿ, ಗೀಸರ್, ಸಿಂಕ್, ಗೋಡೆಯ ತೇವ ಎಲ್ಲ ತೋರಿಸಿ, ಆವತ್ತೇ ಓನರ್‌ಗೆ ವಾಟ್ಸಾಪ್ ಮಾಡಲಿ.

ನಮ್ಮ ಎದುರು ಮನೆಯ ಹುಡುಗ ಮನೆ ನೋಡದೆಯೇ ಹಣ ಕಳಿಸಿ ಕೈ ಸುಟ್ಟುಕೊಂಡ. "ನಾನು ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಮನೆ ನೋಡಲು ಗೇಟ್ ಪಾಸ್‌ಗೆ ಸ್ವಲ್ಪ ಹಾಕಿ" ಅಂತ ಫೋನಿನಲ್ಲಿ ಒಬ್ಬ ಕಥೆ ಹೇಳಿದ್ದ. ಅಂಥದ್ದೇನಾದರೂ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕೆಲಸ ಕೊಡಿಸುತ್ತೇವೆ ಅಂತ ದುಡ್ಡು ಕೇಳುವವರೂ ಇದೇ ಜಾತಿ. ಅವಳ ತಮ್ಮನಿಗೂ ಹೇಳಿಡು, ಅವನ ಸರದಿ ದೂರವಿಲ್ಲ. ಮತ್ತೆ, ಮಾರ್ಕ್ಸ್ ಕಾರ್ಡುಗಳ ಅಸಲು ಪ್ರತಿಯನ್ನು ಆಫೀಸಿನವರು ತೋರಿಸಿ ಅಂದರೆ ತೋರಿಸಲಿ, ಬಿಟ್ಟು ಬರುವುದು ಬೇಡ.

ಹೆಣ್ಣುಮಕ್ಕಳಿಗೆ ಮನೆ ಕೊಡುವ ಓನರ್‌ಗಳು "ಅಪ್ಪ ಅಮ್ಮ ಒಂದು ಸಲ ಬರಲಿ" ಅನ್ನುತ್ತಾರೆ. ಆಗ ಬಾ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕೂತು, ಕಾಫಿ ಕುಡಿದು, ಹೆಚ್ಚು ಮಾತಾಡದೆ ಹೋಗು. ಬಾಡಿಗೆಯ ಚೌಕಾಸಿ ಅವಳೇ ಮಾಡಲಿ, ನೀನು ಬಾಯಿ ಹಾಕಬೇಡ. ಇನ್ನೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೊರಡುವಾಗ ಓನರ್ ಕಿವಿಯಲ್ಲಿ "ಸ್ವಲ್ಪ ನೋಡಿಕೊಳ್ಳಿ, ಎಷ್ಟು ಹೊತ್ತಿಗೆ ಬರುತ್ತಾಳೆ ತಿಳಿಸಿ" ಅಂತ ಹೇಳಿ ಹೋಗಬೇಡ. ಕೆಲವು ಓನರ್‌ಗಳು ಅದಕ್ಕೇ ಕಾದಿರುತ್ತಾರೆ. ಆಮೇಲೆ ಯಾರು ಬಂದರು, ಯಾವ ಡ್ರೆಸ್ಸು, ಏನು ಅಡುಗೆ ಎಲ್ಲ ನಿನಗೆ ವರದಿ. ತನ್ನ ಬಾಡಿಗೆಯ ಮನೆಯಲ್ಲಿ ಅಪ್ಪನ ಸಿಸಿ ಕ್ಯಾಮೆರಾ ಇದೆ ಅಂತ ಗೊತ್ತಾದ ದಿನ, ಕಷ್ಟ ಬಂದರೆ ನಿನಗೆ ಫೋನ್ ಮಾಡಬೇಕು ಅಂತ ಅವಳಿಗೆ ಅನ್ನಿಸುವುದಿಲ್ಲ. ನಿಜವಾದ ತೊಂದರೆ ಬಂದಾಗ ಅವಳು ಮೊದಲು ಒತ್ತುವ ನಂಬರು ನಿನ್ನದೇ ಆಗಬೇಕು, ಅಲ್ವಾ?

ಸುಮಾ ಆರು ತಿಂಗಳು ಬರುವುದು ಬೇಡ. ಮನೆಗೆ ಹೋದ ಮೊದಲ ವಾರ ಬಂದು ಹಾಲು ಉಕ್ಕಿಸಿ, ಅಡುಗೆಮನೆ ಜೋಡಿಸಿಕೊಟ್ಟು ಹೋಗಲಿ. ಆ ಗೆಳತಿಗೂ ಮನೆಯಲ್ಲಿ ಅರ್ಧ ಹಕ್ಕಿದೆ, ಅವಳ ಬಾಡಿಗೆಯಲ್ಲಿ ಗೆಳತಿಯ ಅಮ್ಮ ಯಾಕೆ ಇರಬೇಕು?

ಮೊದಲ ಒಂದೆರಡು ತಿಂಗಳಲ್ಲಿ ಒಂದು ರಾತ್ರಿ ಅವಳು ಫೋನ್ ಮಾಡಿ ಅಳುತ್ತಾಳೆ. ಮ್ಯಾನೇಜರ್ ಬೈದರು, ಏನೂ ಅರ್ಥವಾಗುತ್ತಿಲ್ಲ, ಬಿಟ್ಟು ಬರುತ್ತೇನೆ ಅಂತ. ಆಗ ನೀನು "ಬಂದುಬಿಡು ಮಗಳೇ" ಅನ್ನಬೇಡ. "ಎಲ್ಲರೂ ಮಾಡುತ್ತಿಲ್ಲವಾ, ಸಹಿಸಿಕೋ" ಅಂತಲೂ ಬೇಡ. ಕೇಳಿಸಿಕೋ. ನಿನಗೆ ಅದು ಕಷ್ಟ, ಆದರೂ ಅಭ್ಯಾಸ ಮಾಡಿಕೋ. ಭಾನುವಾರ ಅವಳೇ ಇನ್ನೊಂದು ಸಲ ಅದೇ ವಿಷಯ ಎತ್ತಿದರೆ ಆಗ ಸಲಹೆ ಕೊಡು. ದಿನಾ ಹೀಗೇ ಆದರೆ, ಊಟ ನಿದ್ದೆ ಬಿಟ್ಟರೆ, ಆಗ ನನಗೆ ಹೇಳು, ನಾನು ಹೋಗಿ ನೋಡಿ ಬರುತ್ತೇನೆ. ಎಷ್ಟೇ ಸಿಟ್ಟು ಬಂದರೂ ಆಫೀಸಿಗೆ ಮಾತ್ರ ನೀನು ಫೋನ್ ಮಾಡಬಾರದು.

ಎಜುಕೇಶನ್ ಲೋನ್ ಕಂತು ಯಾವಾಗ ಶುರುವಾಗುತ್ತದೆ ಅಂತ ಬ್ಯಾಂಕಿಗೆ ಹೋಗಿ ಕೇಳಿ ಬಾ, ಈ ವಾರವೇ. ಆ ಕಂತು ಅವಳ ಖಾತೆಯಿಂದ ಹೋಗಲಿ, ನಿನಗೆ ಕಟ್ಟುವ ಶಕ್ತಿ ಇದ್ದರೂ. ತಿಂಗಳು ಕಡಿಮೆ ಬಿದ್ದರೆ ಬಾಡಿಗೆಗೆ ನೀನು ಸಹಾಯ ಮಾಡು, ಕಂತಿಗೆ ಬೇಡ. ಮೊದಲ ಸಂಬಳದಲ್ಲಿ ಅವಳು ನಿನಗೆ ಅಂಗಿಯೋ ಸುಮಾಗೆ ಸೀರೆಯೋ ತಂದರೆ "ಯಾಕೆ ದುಂದು" ಅನ್ನದೆ ತೊಟ್ಟುಕೊಳ್ಳಿ.

ಮನೆ ನೋಡಲು ಓಡಾಡುವ ಖರ್ಚಿನ ಚಿಂತೆ ಬೇಡ. ಆಧಾರ್ ತೋರಿಸಿದರೆ ಬಿಎಂಟಿಸಿ ಸಾದಾ ಬಸ್ಸು ಅವಳಿಗೆ ಉಚಿತ, ವಜ್ರದಂಥ ಎ.ಸಿ. ಬಸ್ಸಿಗೆ ಮಾತ್ರ ಟಿಕೆಟ್. ನೀನು ಟಿಕೆಟ್ ಬುಕ್ ಮಾಡಿದ್ದರೆ ಕ್ಯಾನ್ಸಲ್ ಮಾಡು, ಅವಳು ಕರೆದ ಮೇಲೆ ಹೊರಡು. ಈ ಪತ್ರ ಸುಮಾಗೂ ಓದಲು ಕೊಡು. ಅವಳಿಗೆ ಬೇಸರವಾದರೆ ಕೂಡಲೇ ಫೋನ್ ಮಾಡಲಿ. ನಿನಗೆ ಬೇಸರವಾದರೆ ಎರಡು ದಿನ ಬಿಟ್ಟು ಮಾಡು.

ಇಂತಿ ನಿನ್ನ ಅಕ್ಕ