ಲೈಸೆನ್ಸಿಗೆ ಸಹಿ ಹಾಕುವ ಮುನ್ನ ನಷ್ಟಭರ್ತಿಯ ಷರತ್ತನ್ನು ಓದಿ

ಮಾನ್ಯ ಸಂಪಾದಕರೇ,

ತಂತ್ರಾಂಶ ಕೊಳ್ಳುವ ಸಂಸ್ಥೆಗಳು ಲೈಸೆನ್ಸ್ ಒಪ್ಪಂದದಲ್ಲಿ ಬೆಲೆ, ಬಳಕೆದಾರರ ಸಂಖ್ಯೆ, ನವೀಕರಣದ ಅವಧಿ ಇವಿಷ್ಟನ್ನು ಎಚ್ಚರದಿಂದ ಓದುತ್ತವೆ. ಕೊನೆಯ ಪುಟಗಳಲ್ಲಿ ಬರುವ ಇಂಡೆಮ್ನಿಟಿ, ಅಂದರೆ ನಷ್ಟಭರ್ತಿಯ ಷರತ್ತನ್ನು ಮಾತ್ರ ವಕೀಲರ ಮಾಮೂಲಿ ಮಾತೆಂದು ಬಗೆದು ಪುಟ ತಿರುವುತ್ತವೆ. ಮುಂದೊಂದು ದಿನ ಒಪ್ಪಂದಕ್ಕೆ ಸಂಬಂಧವೇ ಇಲ್ಲದ ಮೂರನೆಯವರು ಬಂದು, ಈ ತಂತ್ರಾಂಶದಲ್ಲಿ ನಮ್ಮ ಕೋಡ್ ಸೇರಿದೆ ಅಥವಾ ನಮ್ಮ ಪೇಟೆಂಟಿನ ಉಲ್ಲಂಘನೆಯಾಗಿದೆ ಎಂದು ದಾವೆ ಹೂಡಿದರೆ, ವಕೀಲರ ಶುಲ್ಕದಿಂದ ಹಿಡಿದು ತೀರ್ಪಿನ ಮೊತ್ತದವರೆಗೆ ಹಣ ಯಾರ ಕೈಯಿಂದ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಆ ಷರತ್ತೇ. ಇಂತಹ ಒಪ್ಪಂದಗಳ ಕರಡುಗಳನ್ನು ಪರಿಶೀಲಿಸುವ ಕೆಲಸದಲ್ಲಿರುವ ನಾನು ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಓದುಗರ ಗಮನಕ್ಕೆ ತರಬಯಸುತ್ತೇನೆ.

ಷರತ್ತು ಇದೆಯೇ ಇಲ್ಲವೇ ಎನ್ನುವುದಕ್ಕಿಂತ, ಅದರಲ್ಲಿ ಯಾರು ಯಾರಿಗೆ ಮಾತು ಕೊಟ್ಟಿದ್ದಾರೆ ಎನ್ನುವುದು ಮುಖ್ಯ. ಮಾರುವವರು ಕೊಳ್ಳುವವರಿಗೆ ರಕ್ಷಣೆ ಕೊಡುತ್ತಾರೆಂದು ಅನೇಕರು ಭಾವಿಸಿರುತ್ತಾರೆ. ಆದರೆ ಇಂಟರ್ನೆಟ್ಟಿನಲ್ಲಿ 'ಒಪ್ಪಿದ್ದೇನೆ' ಗುಂಡಿ ಒತ್ತಿ ಪಡೆಯುವ ಎಷ್ಟೋ ಸೇವೆಗಳ ನಿಯಮಗಳಲ್ಲಿ ಮಾತು ಕೊಡುತ್ತಿರುವವರು ಬಳಕೆದಾರರು. ತಾವು ಸೇವೆಯನ್ನು ಬಳಸಿದ ರೀತಿಯಿಂದಾಗಿ ಅಥವಾ ತಾವು ಅದರಲ್ಲಿ ಸೇರಿಸಿದ ಮಾಹಿತಿಯಿಂದಾಗಿ ಕಂಪನಿಯ ಮೇಲೆ ದಾವೆ ಬಂದರೆ ಅದರ ಖರ್ಚನ್ನು ತಾವೇ ಭರಿಸುವುದಾಗಿ ಅವರು ಒಪ್ಪಿರುತ್ತಾರೆ. ತಮ್ಮದೇ ತಪ್ಪಿನ ಹೊಣೆಯನ್ನು ತಾವು ಹೊರುವುದರಲ್ಲಿ ಅನ್ಯಾಯವಿಲ್ಲ. 'ಬಳಕೆಗೆ ಸಂಬಂಧಿಸಿದ ಯಾವುದೇ ದಾವೆ' ಎಂಬಂತಹ ಎಲ್ಲೆಯಿಲ್ಲದ ಮಾತು ಸೇರಿದಾಗ ಮಾತ್ರ, ಬಳಕೆದಾರರ ತಪ್ಪೇ ಇಲ್ಲದ ಪ್ರಕರಣವೂ ಅವರ ಹೆಗಲೇರುವ ಸಾಧ್ಯತೆ ತೆರೆದುಕೊಳ್ಳುತ್ತದೆ.

ಮಾರುವವರೇ ಮಾತು ಕೊಟ್ಟಿದ್ದರೂ ಅದರ ವ್ಯಾಪ್ತಿಯನ್ನು ನೋಡಬೇಕು. ನಷ್ಟವನ್ನು ತುಂಬಿಕೊಡುವುದು ಒಂದು ಹೊಣೆ. ದಾವೆಯನ್ನು ನಡೆಸಿಕೊಡುವುದು ಬೇರೆಯದೇ ಹೊಣೆ. ಮೊದಲನೆಯದು ಮಾತ್ರ ಇದ್ದರೆ, ಕೊಂಡವರು ವರ್ಷಗಟ್ಟಲೆ ತಮ್ಮ ಖರ್ಚಿನಲ್ಲಿ ವಾದಿಸಿ ಆಮೇಲೆ ಹಣ ಕೇಳಬೇಕಾದೀತು. ಪೇಟೆಂಟ್ ಪ್ರಕರಣಗಳಲ್ಲಿ ಗೆದ್ದವರಿಗೂ ವಕೀಲರ ಖರ್ಚೇ ದೊಡ್ಡ ನಷ್ಟವಾಗುವುದರಿಂದ, ದಾವೆ ನಡೆಸಿಕೊಡುವ ಮಾತು ಸ್ಪಷ್ಟವಾಗಿ ಬರೆದಿರಲೇಬೇಕೆಂಬುದು ನನ್ನ ಅಭಿಪ್ರಾಯ.

ಷರತ್ತಿನ ನಿಜವಾದ ಬಲ ತಿಳಿಯುವುದು ಅದರ ವಿನಾಯಿತಿಗಳನ್ನು ಓದಿದಾಗ. ಕೊಂಡವರು ತಂತ್ರಾಂಶವನ್ನು ಮಾರ್ಪಡಿಸಿದ್ದರೆ, ಬೇರೆ ಕಂಪನಿಯ ತಂತ್ರಾಂಶದೊಡನೆ ಜೋಡಿಸಿ ಬಳಸಿದ್ದರೆ, ಹೊಸ ಆವೃತ್ತಿ ಬಂದ ಮೇಲೂ ಹಳೆಯದನ್ನೇ ಉಳಿಸಿಕೊಂಡಿದ್ದರೆ ರಕ್ಷಣೆ ಅನ್ವಯಿಸುವುದಿಲ್ಲ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಇವುಗಳಲ್ಲಿ ಜೋಡಣೆಯ ವಿನಾಯಿತಿ ಬಹಳ ಸೂಕ್ಷ್ಮವಾದದ್ದು. ಇಂದು ಯಾವ ತಂತ್ರಾಂಶವೂ ಒಂಟಿಯಾಗಿ ಓಡುವುದಿಲ್ಲ. ಡೇಟಾಬೇಸ್, ಬ್ರೌಸರ್, ಪಾವತಿ ವ್ಯವಸ್ಥೆ ಹೀಗೆ ಹತ್ತಾರು ಜೋಡಣೆಗಳಿರುತ್ತವೆ. ಜೋಡಿಸಿದ ಕಾರಣಕ್ಕೇ ಉಲ್ಲಂಘನೆ ಉಂಟಾದಾಗ ಮಾತ್ರ ವಿನಾಯಿತಿ ಎಂದಿದ್ದರೆ ಅದು ನ್ಯಾಯ. ಜೋಡಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಎಂದಿದ್ದರೆ, ಕೊಟ್ಟ ಮಾತನ್ನು ಅದೇ ಪುಟದಲ್ಲಿ ಹಿಂತೆಗೆದುಕೊಂಡಂತೆ.

ದಾವೆಯ ಸುದ್ದಿ ಬಂದೊಡನೆ ಮಾರಿದವರಿಗೆ ಲಿಖಿತವಾಗಿ ತಿಳಿಸಬೇಕು, ವಾದ ನಡೆಸುವ ಅಧಿಕಾರವನ್ನು ಅವರಿಗೆ ಬಿಡಬೇಕು, ಅವರ ಒಪ್ಪಿಗೆಯಿಲ್ಲದೆ ರಾಜಿ ಮಾಡಿಕೊಳ್ಳಬಾರದು ಎಂಬ ನಿಬಂಧನೆಗಳೂ ಸಾಮಾನ್ಯ. ಇವು ತಕ್ಕ ನಿಬಂಧನೆಗಳೇ. ಆದರೆ ಕೊಂಡವರ ಮೇಲೆ ತಪ್ಪು ಹೊರಿಸುವಂತಹ ರಾಜಿಗೆ ಮಾರಿದವರೂ ಕೊಂಡವರ ಒಪ್ಪಿಗೆ ಪಡೆಯಬೇಕೆಂಬ ಮಾತು ಜೊತೆಗಿರಬೇಕು.

ಇನ್ನು ಹೊಣೆಗಾರಿಕೆಯ ಮಿತಿ. ಇದು ನಷ್ಟಭರ್ತಿಯ ಷರತ್ತಿನೊಳಗೆ ಕಾಣದೆ ಬೇರೊಂದು ಕಲಮಿನಲ್ಲಿರುವುದರಿಂದ ಎಷ್ಟೋ ಜನರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಒಟ್ಟು ಹೊಣೆ ಹಿಂದಿನ 12 ತಿಂಗಳಲ್ಲಿ ಪಾವತಿಸಿದ ಶುಲ್ಕವನ್ನು ಮೀರದು ಎಂಬ ಮಿತಿ ಹಲವು ಒಪ್ಪಂದಗಳಲ್ಲಿದೆ. ನಷ್ಟಭರ್ತಿಯನ್ನು ಈ ಮಿತಿಯಿಂದ ಹೊರಗಿಟ್ಟಿಲ್ಲದಿದ್ದರೆ, ದಾವೆಯ ಮೊತ್ತ ಎಷ್ಟೇ ದೊಡ್ಡದಾಗಿದ್ದರೂ ಕೊಂಡವರಿಗೆ ದಕ್ಕುವುದು ಒಂದು ವರ್ಷದ ಶುಲ್ಕದಷ್ಟೇ. ಎರಡೂ ಕಲಮುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದದೆ ಯಾರೂ ಸಹಿ ಮಾಡಬಾರದು.

ಮೂಲ ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಬಹುದಾದ ಮುಕ್ತ ತಂತ್ರಾಂಶದ ಸಂಗತಿ ಬೇರೆ. ಅದರಲ್ಲಿ ಬಳಕೆಯಲ್ಲಿರುವ ಎಂಐಟಿ, ಬಿಎಸ್‌ಡಿ, ಜಿಪಿಎಲ್ ಎಂಬ ಲೈಸೆನ್ಸುಗಳು ತಂತ್ರಾಂಶವನ್ನು ಇದ್ದಂತೆಯೇ ಕೊಡುತ್ತವೆ. ವಾರಂಟಿಯನ್ನೂ ಹೊಣೆಯನ್ನೂ ನಿರಾಕರಿಸುತ್ತವೆ. ಬೆಲೆ ಪಡೆಯದೆ ಬರೆದವರಿಂದ ರಕ್ಷಣೆ ನಿರೀಕ್ಷಿಸುವುದು ಸರಿಯೂ ಅಲ್ಲ. 2004ರಲ್ಲಿ ಬಂದ ಅಪಾಚೆ ಲೈಸೆನ್ಸಿನ 2.0 ಆವೃತ್ತಿಯ 9ನೇ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ಆ ತಂತ್ರಾಂಶವನ್ನು ಹಂಚುವವರು ಗ್ರಾಹಕರಿಗೆ ವಾರಂಟಿಯನ್ನೋ ನಷ್ಟಭರ್ತಿಯನ್ನೋ ಕೊಡಬಹುದು, ಆದರೆ ತಮ್ಮ ಹೆಸರಿನಲ್ಲಿ ಮಾತ್ರ, ಅದರಿಂದ ಮೂಲ ಲೇಖಕರಿಗೆ ತೊಂದರೆ ಬಂದರೆ ಅವರನ್ನು ಕಾಪಾಡುವ ಹೊಣೆಯೂ ಹಂಚಿದವರದೇ. ಎಕ್ಲಿಪ್ಸ್ ಲೈಸೆನ್ಸಿನ 4ನೇ ಕಲಮು ಕೂಡ, ತಂತ್ರಾಂಶವನ್ನು ವ್ಯಾಪಾರದ ಸರಕಿನಲ್ಲಿ ಸೇರಿಸಿ ಹಂಚುವ ಕೊಡುಗೆದಾರರು ಇತರ ಕೊಡುಗೆದಾರರನ್ನು ರಕ್ಷಿಸಬೇಕೆನ್ನುತ್ತದೆ. ಲಾಭ ಪಡೆಯುವವರೇ ಹೊಣೆ ಹೊರಬೇಕೆಂಬ ಈ ನಿಲುವು ಬಹಳ ಸರಿಯಾದದ್ದೆಂದು ನಾನು ನಂಬುತ್ತೇನೆ.

ಇದೆಲ್ಲ ಕಾಗದದ ಮೇಲಿನ ಭಯವೆನ್ನುವವರು ಮುಕ್ತ ತಂತ್ರಾಂಶವಾದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಇತಿಹಾಸವನ್ನು ನೋಡಬೇಕು. 2003ರ ಮಾರ್ಚಿನಲ್ಲಿ ಎಸ್‌ಸಿಒ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ತನ್ನದೆಂದು ಹೇಳಿಕೊಂಡ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಕೋಡ್ ಲಿನಕ್ಸಿನಲ್ಲಿ ಸೇರಿದೆಯೆಂದು ವಾದಿಸಿ, ಅದೇ ವರ್ಷದ ಮೇ ತಿಂಗಳಲ್ಲಿ ಸುಮಾರು 1,500 ದೊಡ್ಡ ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆಯಿತು. 2004ರಲ್ಲಿ ಲಿನಕ್ಸ್ ಬಳಸುತ್ತಿದ್ದ ಆಟೋಝೋನ್ ಕಂಪನಿಯನ್ನೇ ನ್ಯಾಯಾಲಯಕ್ಕೆಳೆಯಿತು. ತಂತ್ರಾಂಶ ಬರೆದವರಲ್ಲದೆ ಬಳಸಿದವರೂ ಪ್ರತಿವಾದಿಗಳಾಗಬಹುದೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಎಚ್‌ಪಿ ಕಂಪನಿ 2003ರ ಸೆಪ್ಟೆಂಬರಿನಲ್ಲೇ ತನ್ನ ಲಿನಕ್ಸ್ ಗ್ರಾಹಕರಿಗೆ ನಷ್ಟಭರ್ತಿಯ ಭರವಸೆ ಕೊಟ್ಟಿತಾದರೂ, ಮೂಲ ಕೋಡನ್ನು ಬದಲಿಸಬಾರದೆಂಬ ಕರಾರು ಹಾಕಿತು. ಬದಲಿಸುವ ಸ್ವಾತಂತ್ರ್ಯಕ್ಕಾಗಿಯೇ ಮುಕ್ತ ತಂತ್ರಾಂಶವನ್ನು ಆರಿಸಿಕೊಂಡವರಿಗೆ ಆ ರಕ್ಷಣೆ ಎಟುಕದಂತಾಯಿತು. ಯುನಿಕ್ಸಿನ ಕೃತಿಸ್ವಾಮ್ಯ ಎಸ್‌ಸಿಒಗೆ ಸೇರಿಲ್ಲ, ನೊವೆಲ್ ಕಂಪನಿಗೆ ಸೇರಿದ್ದು ಎಂದು ಜ್ಯೂರಿ ಹೇಳಿದ್ದು 2010ರಲ್ಲಿ.

ಕೃತಕ ಬುದ್ಧಿಮತ್ತೆಯ ಸಾಧನಗಳಲ್ಲೂ ಇದೇ ಪ್ರಶ್ನೆ ಮರಳಿದೆ. ತನ್ನ ಕೃತಕ ಬುದ್ಧಿಮತ್ತೆಯ ಸಾಧನವಾದ ಕೋಪೈಲಟ್ ಬಳಸುವ ವಾಣಿಜ್ಯ ಗ್ರಾಹಕರ ಮೇಲೆ ಕೃತಿಸ್ವಾಮ್ಯದ ದಾವೆ ಬಂದರೆ ತಾನೇ ನಡೆಸಿಕೊಡುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಸಾಧನದಲ್ಲಿರುವ ಸುರಕ್ಷಾ ಸೋಸುಕಗಳನ್ನು (ಫಿಲ್ಟರುಗಳನ್ನು) ಗ್ರಾಹಕರು ಬಳಸುತ್ತಿರಬೇಕೆಂಬ ನಿಬಂಧನೆಯನ್ನೂ ಇಟ್ಟಿತು. ಘೋಷಣೆ ಸುದ್ದಿಯಾಗುತ್ತದೆ, ನಿಬಂಧನೆ ಅಷ್ಟಾಗಿ ಆಗುವುದಿಲ್ಲ. ತಮ್ಮ ಪತ್ರಿಕೆ ಇಂತಹ ಘೋಷಣೆಗಳನ್ನು ಪ್ರಕಟಿಸುವಾಗ ಅವುಗಳ ನಿಬಂಧನೆಗಳನ್ನೂ ಎರಡು ಸಾಲಿನಲ್ಲಾದರೂ ತಿಳಿಸಬೇಕೆಂದು ವಿನಂತಿಸುತ್ತೇನೆ.

ದೊಡ್ಡ ಸಂಸ್ಥೆಗಳಲ್ಲೂ ನನ್ನದೊಂದು ಕೋರಿಕೆಯಿದೆ. ನಾಲ್ಕಾರು ಜನರ ಪುಟ್ಟ ತಂತ್ರಾಂಶ ತಂಡಗಳಿಂದ ಮಿತಿಯಿಲ್ಲದ ನಷ್ಟಭರ್ತಿಯನ್ನು ಬರೆಸಿಕೊಳ್ಳುವ ಪರಿಪಾಠವನ್ನು ದಯವಿಟ್ಟು ಕೈಬಿಡಿ. ಕೆಲಸ ತಪ್ಪಿಹೋದೀತೆಂದು ಆ ತಂಡಗಳು ಸಹಿ ಹಾಕುತ್ತವೆ. ದಾವೆ ಬಂದ ದಿನ ಅವು ದಿವಾಳಿಯಾಗುತ್ತವೆಯೇ ಹೊರತು ನಿಮ್ಮ ನಷ್ಟ ತುಂಬುವುದಿಲ್ಲ. ಅದರ ಬದಲು ತಂಡದ ವಿಮೆಯ ಮೊತ್ತವನ್ನು ಹೊಣೆಯ ಮಿತಿಯಾಗಿ ಬರೆದುಕೊಂಡು, ಆ ವಿಮೆಯ ಕಂತಿನಲ್ಲಿ ಒಂದು ಪಾಲನ್ನು ಗುತ್ತಿಗೆಯ ಬೆಲೆಯಲ್ಲೇ ಸೇರಿಸಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ